ಹಕಾರ ನುಂಗುವ ಭಾಷೆ

ಈ ಬರಹದಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕಾಲೇಜು ಸೇರಿದಾಗಿನಿಂದ ದಿನಚರಿ ಬರೆದುಕೊಂಡು ಬಂದಿದ್ದೇನೆ. ಆದ್ದರಿಂದ ನನ್ನ ನೆನಪು ಎಷ್ಟು ಸುಳ್ಳು ಹೇಳುತ್ತದೆ ಎನ್ನುವುದಕ್ಕೆ ನನ್ನ ಬಳಿಯೇ ಸಾಕ್ಷಿ ಇದೆ. ಇಟಾಲಿಯನ್ ತರಗತಿಯ ಮೊದಲ ದಿನ ಧೋ ಎಂದು ಮಳೆ ಸುರಿಯುತ್ತಿತ್ತು, ತೊಯ್ದ ಸೀರೆಯಲ್ಲೇ ಒಳಗೆ ಹೋದೆ ಎಂದು ನನ್ನ ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಹೇಳಿದ್ದೇನೆ. ನಿವೃತ್ತಿಯಾದ ಮೇಲೆ ಹಳೆಯ ದಿನಚರಿ ತೆಗೆದು ನೋಡಿದರೆ ಆ ದಿನಕ್ಕೆ ಇರುವುದು ಮೂರೇ ಮಾತು: ‘ಬಿಸಿಲು. ಚಪ್ಪಲಿ ಕಿತ್ತುಹೋಯಿತು. ಎಲ್ಲರೂ ನಕ್ಕರು.’ ಮಳೆ ಎಲ್ಲಿಂದ ಬಂತೋ ತಿಳಿಯದು. ನಕ್ಕಿದ್ದು ಮಾತ್ರ ದಿನಚರಿಯಲ್ಲೂ ಇದೆ, ನೆನಪಿನಲ್ಲೂ ಇದೆ.

ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಈಗ ಇಟಾಲಿಯನ್ ಕಲಿಸುವ ಕೆಲಸಕ್ಕೆ ಸೇರಿದ್ದಾಳೆ. ‘ಮೇಡಂ, ಈ ಕೆಲಸ ನಿಜವಾಗಿ ಹೇಗಿರುತ್ತೆ, ಬರೆದುಕೊಡಿ’ ಎಂದಳು. ಬಡ್ತಿ, ಹುದ್ದೆ, ಸನ್ಮಾನಗಳ ವಿಷಯ ಅವಳಿಗೆ ಬೇಕಿಲ್ಲ, ನನಗೂ ಬೇಡ. ನಾನು ಹೇಳಬೇಕಾದದ್ದು ಒಂದು ಅಕ್ಷರದ ಕತೆ.

ನಮ್ಮದು ದೊಡ್ಡಬಳ್ಳಾಪುರದಲ್ಲಿ ನೇಯುವವರ ಮನೆ. ನಡುಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ಅಪ್ಪ ಕೂರುತ್ತಿದ್ದರು, ಇನ್ನೊಂದರಲ್ಲಿ ಅಮ್ಮನ ತಮ್ಮ ತಿಮ್ಮಣ್ಣ ಮಾವ. ಅಪ್ಪ ಮಗ್ಗ ನಿಲ್ಲಿಸಿ ನಿಲ್ಲಿಸಿ ಮಾತಾಡುವವರು. ಮಾವ ಮಾತು ನಿಲ್ಲಿಸಿ ಮಗ್ಗ ಆಡಿಸುವವನು. ನಾನು ಬಿ.ಎ. ಮುಗಿಸಿದ್ದು ಅರವತ್ತರ ದಶಕದ ಕೊನೆಯ ಭಾಗದಲ್ಲಿ. ಬೆಂಗಳೂರಿನ ಕಾರ್ಖಾನೆಗಳಿಗೆ ಆಗ ಜರ್ಮನ್ ಯಂತ್ರಗಳು ಬರುತ್ತಿದ್ದವು. ಜರ್ಮನ್ ಬಲ್ಲವರಿಗೆ ಕೆಲಸ ಖಂಡಿತ ಎಂದು ಯಾರೋ ಅಪ್ಪನ ಕಿವಿಯಲ್ಲಿ ಹಾಕಿದ್ದರು. ವಿಶ್ವವಿದ್ಯಾನಿಲಯದ ವಿದೇಶಿ ಭಾಷೆಗಳ ವಿಭಾಗಕ್ಕೆ ಅರ್ಜಿ ತುಂಬಿದೆ. ಯಾವ ಭಾಷೆ ಎನ್ನುವ ಕಡೆ ಜರ್ಮನ್ ಎಂದು ನನ್ನ ಕೈಯಾರೆ ಬರೆದೆ. ಆ ವಾರ ನನಗೆ ಕಣ್ಣುನೋವು. ಅರ್ಜಿ ಕೊಟ್ಟು ಬರಲು ಮಾವ ಹೋದ.

ಹದಿನೈದು ದಿನದ ಮೇಲೆ ಕಾರ್ಡು ಬಂತು. ನನಗೆ ಇಟಾಲಿಯನ್ ತರಗತಿಯಲ್ಲಿ ಪ್ರವೇಶ ಸಿಕ್ಕಿದೆ ಎಂದಿತ್ತು.

‘ಇದೇನೋ ತಿಮ್ಮಣ್ಣ, ಯಾವ್ದೋ ಭಾಷೆ ಕೊಟ್ಟವ್ರೆ?’ ಎಂದರು ಅಪ್ಪ.

‘ಆ ಗುಮಾಸ್ತ ತಪ್ಪು ಬರ್ಕೊಂಡಿರ್ಬೇಕು ಭಾವ’ ಎಂದ ಮಾವ, ಮಗ್ಗದಿಂದ ತಲೆ ಎತ್ತದೆ.

ನಾನು ಓಡಿಹೋಗಿ ವಿಚಾರಿಸಿದೆ. ಜರ್ಮನ್ ತರಗತಿ ಭರ್ತಿಯಾಗಿತ್ತು. ಬೇಕಿದ್ದರೆ ಇಟಾಲಿಯನ್, ಇಲ್ಲವೆಂದರೆ ಮನೆ. ಅಪ್ಪ ಎರಡು ದಿನ ಯೋಚಿಸಿ ಒಂದು ತೀರ್ಮಾನ ಹೇಳಿದರು. ಮೂರು ವರ್ಷದ ಕೋರ್ಸು ಮುಗಿಯುವಷ್ಟರಲ್ಲಿ ಇಟಾಲಿಯನ್‌ನಿಂದ ಒಂದು ಕೆಲಸ ಕೈಗೆ ಬರಬೇಕು. ಬರದಿದ್ದರೆ ಪುಸ್ತಕ ಕಟ್ಟಿಟ್ಟು ಊರಿನ ಪ್ರೈಮರಿ ಶಾಲೆಗೆ ಟೀಚರಾಗಿ ಸೇರಬೇಕು. ಅಲ್ಲಿ ಅಪ್ಪನ ಸ್ನೇಹಿತರು ಆಗಲೇ ಮಾತು ಕೊಟ್ಟಿದ್ದರು. ‘ಮೂರು ವರ್ಷ ಕಣಮ್ಮ ಸರೋಜ, ಮೇಲೆ ಒಂದು ದಿನ ಕೇಳ್ಬೇಡ’ ಎಂದರು. ನಾನು ಒಪ್ಪಿದೆ. ಆಗ ನನಗೆ ಇಟಲಿ ಎಲ್ಲಿದೆ ಎಂದು ಗೊತ್ತಿತ್ತು, ಅಷ್ಟೇ.

ತರಗತಿ ಬೆಳಿಗ್ಗೆ ಇರುತ್ತಿತ್ತು. ಊರಿನಿಂದ ಮೊದಲ ರೈಲು ಹತ್ತಿ ಯಶವಂತಪುರದಲ್ಲಿ ಇಳಿದು ಬಸ್ಸು ಹಿಡಿಯಬೇಕು. ಮೊದಲ ದಿನ ವಿಭಾಗದ ಮುಖ್ಯಸ್ಥರು ಬಂದು ಒಬ್ಬೊಬ್ಬರನ್ನೇ ಪರಿಚಯ ಕೇಳಿದರು. ಅವರು ಕಲಿಸುತ್ತಿದ್ದದ್ದು ಫ್ರೆಂಚ್. ನಮ್ಮವರೇ ಆದರೂ ಕನ್ನಡವನ್ನು ಕೂಡ ಇಸ್ತ್ರಿ ಹಾಕಿದ ಹಾಗೆ ಮಾತಾಡುವರು. ಎಲ್ಲರೂ ಇಂಗ್ಲಿಷಿನಲ್ಲಿ ಹೇಳಿದರು. ನನ್ನ ಸರದಿ ಬಂದಾಗ ಕಿತ್ತ ಚಪ್ಪಲಿಯ ಸಂಕಟಕ್ಕೋ ಏನೋ ಇಂಗ್ಲಿಷ್ ನಾಲಿಗೆಗೆ ಬರಲಿಲ್ಲ.

‘ಪರವಾಗಿಲ್ಲ, ಕನ್ನಡದಲ್ಲೇ ಹೇಳಿ. ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡುತ್ತೀರಿ?’ ಎಂದರು.

‘ಐದಕ್ಕೆ ಸಾರ್. ಎದ್ದು, ಆಲು ಕರೆದುಬಿಟ್ಟು, ಓಡಿ ಬರ್ತೀನಿ.’

‘ಆಲು ಎಂದರೆ? ಆಲೂಗಡ್ಡೆಯನ್ನು ಕರೆದರೆ ಅದು ಬರುತ್ತದೆಯೇನಮ್ಮ?’

ತರಗತಿ ಬಿದ್ದು ಬಿದ್ದು ನಕ್ಕಿತು. ನಮ್ಮ ಕಡೆ ಹಾಲು ‘ಆಲು’ ಆಗುತ್ತದೆ, ಹಕ್ಕಿ ‘ಅಕ್ಕಿ’ ಆಗುತ್ತದೆ. ಡಿಗ್ರಿ ಓದಿದ ಮೇಲೂ ಗಾಬರಿಯಾದರೆ ಹಕಾರ ನನ್ನ ಬಾಯಿಂದ ಎದ್ದು ಹೋಗುತ್ತಿತ್ತು. ಅಂದಿನಿಂದ ಹೆಡ್ ಸಾರ್ ನನ್ನನ್ನು ಹೆಸರಿನಿಂದ ಕರೆಯಲಿಲ್ಲ. ‘ಏನು ದೊಡ್ಡಬಳ್ಳಾಪುರ’ ಎನ್ನುತ್ತಿದ್ದರು.

ಅವರು ಹೊರಟ ಮೇಲೆ ನಮ್ಮ ಅಧ್ಯಾಪಕಿ ಬಂದರು. ಲಿಡಿಯಾ ಮೇಡಂ ಇಟಲಿಯವರು, ಬೆಂಗಳೂರಿನ ಇಂಜಿನಿಯರೊಬ್ಬರನ್ನು ಮದುವೆಯಾಗಿ ಇಲ್ಲಿಯೇ ನೆಲೆಸಿದ್ದವರು. ಬೋರ್ಡಿನ ಮೇಲೆ ಇಂಗ್ಲಿಷಿನ ‘ಹೆಚ್’ ಅಕ್ಷರವನ್ನು ದೊಡ್ಡದಾಗಿ ಬರೆದು, ಅದರ ಮುಂದೆ ತುಟಿಯ ಮೇಲೆ ಬೆರಳಿಟ್ಟು ನಿಂತರು. ಇದನ್ನು ಬರೆಯುತ್ತೇವೆ, ಹೇಳುವುದಿಲ್ಲ ಎಂದರು. ಇಟಾಲಿಯನ್‌ನಲ್ಲಿ ಆ ಅಕ್ಷರಕ್ಕೆ ಸದ್ದಿಲ್ಲ. ‘ನನಗೆ ಹಸಿವಾಗಿದೆ’ ಎನ್ನುವುದಕ್ಕೆ ಬರೆಯುವುದು ‘ಹೋ ಫಾಮೆ’, ಹೇಳುವುದು ‘ಓ ಫಾಮೆ’. ಕಾನ್ವೆಂಟಿನಲ್ಲಿ ಓದಿದ ಹುಡುಗಿಯರು ವರ್ಷಗಟ್ಟಲೆ ಬೆನ್ನು ತಟ್ಟಿಸಿಕೊಂಡು ಕಲಿತಿದ್ದ ಹಕಾರ ಅವರ ಬಾಯಿಂದ ಏನು ಮಾಡಿದರೂ ಹೋಗಲಿಲ್ಲ. ನನ್ನ ಸರದಿ ಬಂತು. ‘ಓ ಫಾಮೆ’ ಎಂದೆ.

ಮೇಡಂ ನನ್ನನ್ನು ನೋಡಿ, ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ನಿನಗೆ ಮೊದಲೇ ಇಟಾಲಿಯನ್ ಯಾರು ಕಲಿಸಿದರು ಎಂದು ಕೇಳಿದರು. ಯಾರೂ ಇಲ್ಲ, ನಮ್ಮ ಊರೇ ಹೀಗೆ ಎಂದೆ.

ಇದರ ಮೇಲೆ ಇನ್ನೊಂದು ಕಾದಿತ್ತು. ಇಟಾಲಿಯನ್‌ನಲ್ಲಿ ಮಾತು ಮುಗಿಯುವುದು ಸ್ವರದಲ್ಲೇ. ನಾವಂತೂ ಬಸ್ಸನ್ನು ಬಸ್ಸು ಎನ್ನುವವರು, ಕಾರನ್ನು ಕಾರು ಎನ್ನುವವರು. ಅವರಲ್ಲಿ ಮಹಾಪ್ರಾಣ ಇಲ್ಲ. ನಮ್ಮ ಬೀದಿಯಲ್ಲೂ ಇಲ್ಲ. ಒತ್ತಕ್ಷರ ಮಾತ್ರ ಬಿಡುವ ಹಾಗಿಲ್ಲ. ವರ್ಷಕ್ಕೆ ಅವರು ‘ಆನ್ನೊ’ ಎನ್ನುತ್ತಾರೆ. ಅದರಲ್ಲಿ ಒಂದು ನಕಾರ ಬಿಟ್ಟರೆ ವರ್ಷ ಹೋಗಿ ಮೈಯಲ್ಲಿ ಹೆಸರು ಹೇಳಬಾರದ ಜಾಗ ಆಗುತ್ತದೆ. ನನ್ನ ಸಹಪಾಠಿಗಳು ತಮಗೆ ಇಪ್ಪತ್ತು ವರ್ಷ ಎಂದು ಹೇಳಹೊರಟು ಆ ಜಾಗ ಇಪ್ಪತ್ತಿವೆ ಎಂದು ಹೇಳುತ್ತಿದ್ದರು. ಮೇಡಂ ಕೆಂಪಗಾಗಿ ಕಿಟಕಿಯ ಕಡೆ ತಿರುಗುತ್ತಿದ್ದರು. ಕತೆಗೂ ಕತ್ತೆಗೂ ವ್ಯತ್ಯಾಸ ತಿಳಿದು ಬೆಳೆದ ನನಗೆ ಇದರಲ್ಲೇನು ಕಷ್ಟ? ಹೊಸದಾಗಿ ಕಲಿಸುವವರಿಗೆ ನಾನು ಹೇಳುವ ಮೊದಲ ಮಾತು ಇದು: ವಿದ್ಯಾರ್ಥಿಯ ಬಾಯಲ್ಲಿ ಏನಿಲ್ಲ ಎಂದು ನೋಡುವ ಮೊದಲು ಏನಿದೆ ಎಂದು ನೋಡಿ. ಹೆಡ್ ಸಾರ್ ಮೊದಲನೆಯದನ್ನು ನೋಡಿದರು, ಲಿಡಿಯಾ ಮೇಡಂ ಎರಡನೆಯದನ್ನು ನೋಡಿದರು. ಒಂದೇ ದಿನ, ಒಂದೇ ಕೋಣೆಯಲ್ಲಿ.

ಆ ವಾರವೇ ಇರಬೇಕು. ದಿನಚರಿಯಲ್ಲಿ ಇದಿಲ್ಲ, ಆದ್ದರಿಂದ ಪೂರ್ತಿ ಆಣೆ ಮಾಡಲಾರೆ. ಮಧ್ಯಾಹ್ನ ಮನೆಯ ಕಂಬಕ್ಕೆ ಒರಗಿ ಪಾಠ ಉರು ಹೊಡೆಯುತ್ತಿದ್ದೆ. ‘ಓ ಫಾಮೆ, ಓ ಫಾಮೆ’ ಎಂದು ನಾಲ್ಕೈದು ಸಲ ಹೇಳಿರಬಹುದು. ಮಾವನ ಮಗ್ಗ ನಿಂತಿತು. ಎದ್ದು ಅಡುಗೆಮನೆಗೆ ಹೋಗಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದು ನನ್ನ ಮುಂದೆ ಇಟ್ಟು ಮತ್ತೆ ಮಗ್ಗಕ್ಕೆ ಇಳಿದ. ನನ್ನ ಮುಖ ನೋಡಿ ಹಸಿವು ತಿಳಿದುಕೊಂಡ ಎಂದುಕೊಂಡು ತಿಂದೆ.

ಈಗಿನವರ ಫೋನಿನಲ್ಲಿ ನಿಘಂಟು ಇದೆ, ಇಟಲಿಯ ಸುದ್ದಿ ಇದೆ, ಮಾತಾಡಿಸಲು ಇಟಲಿಯವರೂ ಸಿಗುತ್ತಾರೆ. ನಮಗೆ ಹನ್ನೊಂದು ಜನಕ್ಕೆ ಒಂದು ನಿಘಂಟು, ಅದೂ ಇಂಗ್ಲಿಷಿನದು. ಟೇಪ್ ರೆಕಾರ್ಡರ್ ಒಂದಿತ್ತು. ಅದರ ಸುರುಳಿ ಹರಿದರೆ ಮೇಡಂ ಉಗುರುಬಣ್ಣ ಹಚ್ಚಿ ಅಂಟಿಸುತ್ತಿದ್ದರು. ಹಾಗೆ ಅಂಟಿಸಿದ ಕಡೆ ಒಂದೊಂದು ಪದ ಶಾಶ್ವತವಾಗಿ ನಾಪತ್ತೆ. ನಾನು ನನ್ನದೇ ಇಟಾಲಿಯನ್–ಕನ್ನಡ ಪದಕೋಶ ಮಾಡಿಕೊಂಡೆ. ಸೀರೆಯ ಅಂಚಿನ ಡಿಸೈನು ಬಿಡಿಸುವ ಚೌಕುಳಿ ಕಾಗದದ ಹಿಂಬದಿ ಖಾಲಿ ಇರುತ್ತಿತ್ತಲ್ಲ, ಅದರಲ್ಲಿ. ಈಗಲೂ ಇದೆ. ಒಂದು ಬದಿಗೆ ನವಿಲು, ಹಿಂಬದಿಗೆ ಕ್ರಿಯಾಪದ.

ಮೇಡಂ ಭಾಷೆಯ ಜೊತೆಗೆ ದೇಶವನ್ನೂ ಕಲಿಸಿದರು. ಅಲ್ಲಿನ ಹಳೆಯ ಕಾವ್ಯದಲ್ಲಿ ಮೂರು ಸಾಲಿನ ಪದ್ಯಗಳಿವೆ, ಒಂದರ ನಡುಸಾಲಿನ ಪ್ರಾಸವನ್ನು ಮುಂದಿನ ಪದ್ಯ ಎತ್ತಿಕೊಳ್ಳುತ್ತದೆ ಎಂದು ಬಿಡಿಸಿ ತೋರಿಸಿದಾಗ ನಮ್ಮಜ್ಜಿ ರಾಗಿ ಬೀಸುತ್ತ ಹೇಳುತ್ತಿದ್ದ ತ್ರಿಪದಿ ನನ್ನ ಕಿವಿಯಲ್ಲಿ ಎದ್ದು ಕೂತಿತು. ಇನ್ನೊಂದು ದಿನ, ನಮ್ಮ ದೇಶದವರು ಹಿಂದೆ ನಿಮ್ಮ ಜಿಲ್ಲೆಗೇ ಬಂದಿದ್ದರು ಎಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ಸಾವಿರಾರು ಸೈನಿಕರನ್ನು ಬ್ರಿಟಿಷರು ಸೆರೆಹಿಡಿದು ತಂದು ಜಾಲಹಳ್ಳಿ ಕಡೆ ಶಿಬಿರಗಳಲ್ಲಿ ಇಟ್ಟಿದ್ದರಂತೆ. ನಾನು ಮನೆಗೆ ಬಂದು ಉತ್ಸಾಹದಿಂದ ಹೇಳಿದೆ. ಅಪ್ಪ, ‘ಹೂಂ, ಮುಳ್ಳುತಂತಿ ಹಾಕಿದ್ರು, ಕೇಳಿದ್ದೆ’ ಎಂದರು. ಮಾವ ಲಾಳಿಗೆ ನೂಲು ಹಾಕಬೇಕೆಂದು ಎದ್ದು ಹಿತ್ತಲಿಗೆ ಹೋದ. ಲಾಳಿಯಲ್ಲಿ ನೂಲು ಇನ್ನೂ ಅರ್ಧ ಇತ್ತು. ಇದನ್ನು ನಾನು ಆಗಲೇ ಗಮನಿಸಿದೆನೋ, ಈಗ ಸೇರಿಸುತ್ತಿದ್ದೇನೋ, ಹೇಳಲಾರೆ.

ಎರಡನೆಯ ವರ್ಷದ ಕೊನೆಗೆ ಮೌಖಿಕ ಪರೀಕ್ಷೆ. ಬೊಂಬಾಯಿಯಿಂದ ಒಬ್ಬ ಪರೀಕ್ಷಕರು ಬಂದಿದ್ದರು. ಪಕ್ಕದಲ್ಲಿ ಲಿಡಿಯಾ ಮೇಡಂ, ಇನ್ನೊಂದು ಪಕ್ಕ ಹೆಡ್ ಸಾರ್. ನಾವು ಓದಿದ್ದ ಒಂದು ಕಾದಂಬರಿಯ ಬಗ್ಗೆ ಕೇಳಬೇಕಿತ್ತು. ಪರೀಕ್ಷಕರು ಇಟಾಲಿಯನ್‌ನಲ್ಲಿ, ಈ ಕಾದಂಬರಿಯ ‘ತ್ರಾಮಾ’ ಏನು ಎಂದರು.

ತ್ರಾಮಾ ನನಗೆ ಚೆನ್ನಾಗಿ ಗೊತ್ತಿದ್ದ ಪದ. ನಮ್ಮದು ನೇಯುವ ಮನೆ ಎಂದು ತಿಳಿದು ಮೇಡಂ ಇಟಲಿಯ ಮಗ್ಗಗಳ ಕ್ಯಾಟಲಾಗು ಒಂದನ್ನು ಕೊಟ್ಟಿದ್ದರು. ಅದರಿಂದಲೇ ಕಲಿತಿದ್ದೆ. ಮಗ್ಗಕ್ಕೆ ಮೊದಲು ಬಿಗಿಯುವ ಉದ್ದನೆಯ ಎಳೆಗಳು ಹಾಸು, ಇಟಾಲಿಯನ್‌ನಲ್ಲಿ ‘ಒರ್ದೀತೊ’. ಲಾಳಿ ಅಡ್ಡಕ್ಕೆ ತೂರಿಸುವ ಎಳೆ ಹೊಕ್ಕು, ಅದು ‘ತ್ರಾಮಾ’. ಕಾದಂಬರಿಯಲ್ಲಿ ಒಬ್ಬಳು ಹೆಂಗಸು ಬಟ್ಟೆ ಕೊಳ್ಳುವ ಸನ್ನಿವೇಶ ಇತ್ತು. ಅದನ್ನೇ ಕೇಳುತ್ತಿದ್ದಾರೆ ಎಂದುಕೊಂಡು ಧೈರ್ಯವಾಗಿ ಉತ್ತರಿಸಿದೆ: ಹೊಕ್ಕು ರೇಷ್ಮೆಯದು, ಹಾಸು ಹತ್ತಿಯದಿರಬಹುದು, ಬಣ್ಣ ಮಾಸಿದೆ ಎಂದಿದೆಯಲ್ಲ, ಅದಕ್ಕೆ.

ಪರೀಕ್ಷಕರ ಬಾಯಿ ತೆರೆದೇ ಇತ್ತು. ಮೇಡಂ ಕರ್ಚೀಫು ಕಚ್ಚಿಕೊಂಡರು. ಇಟಾಲಿಯನ್‌ನಲ್ಲಿ ಕತೆಯ ಹಂದರಕ್ಕೂ ತ್ರಾಮಾ ಎನ್ನುತ್ತಾರೆ ಎಂದು ನನಗೆ ಆ ಕ್ಷಣದವರೆಗೆ ಯಾರೂ ಹೇಳಿರಲಿಲ್ಲ. ಮೇಡಂ ಪಾಠದಲ್ಲಿ ಅದಕ್ಕೆ ಬೇರೆ ಪದ ಬಳಸುತ್ತಿದ್ದರು.

‘ಕೇಳಿದ್ದು ಸೀರೆ ವಿಷಯ ಅಲ್ಲ ದೊಡ್ಡಬಳ್ಳಾಪುರ’ ಎಂದರು ಹೆಡ್ ಸಾರ್ ಕನ್ನಡದಲ್ಲಿ, ಮೇಡಂ ಅವರಿಗೆ ಇಂಗ್ಲಿಷಿನಲ್ಲಿ ವಿಷಯ ತಿಳಿಸಿದ ಮೇಲೆ.

ಪರೀಕ್ಷಕರು ನಕ್ಕು ಕಣ್ಣೊರೆಸಿಕೊಂಡು ತಪ್ಪು ವಿವರಿಸಿದರು, ಅಷ್ಟಕ್ಕೇ ಬಿಡಲಿಲ್ಲ. ಸರಿ, ಕತೆ ಹೊಕ್ಕಾದರೆ ಕಾದಂಬರಿಯ ಹಾಸು ಯಾವುದು, ಹೇಳು ಎಂದರು. ನಾನು ಹೇಳಿದೆ: ಹಾಸು ಕತೆ ಶುರುವಾಗುವ ಮೊದಲೇ ಬಿಗಿದಿರುತ್ತದೆ. ಆ ಊರು, ಆ ಮನೆ, ಆ ಹೆಂಗಸಿನ ಹಟ. ಕತೆ ಅದರ ನಡುವೆ ಆ ಕಡೆಯಿಂದ ಈ ಕಡೆಗೆ ಓಡಾಡುತ್ತದೆ, ಅಷ್ಟೇ. ಹಾಸು ಸಡಿಲವಾಗಿದ್ದರೆ ಎಷ್ಟು ಚೆಂದದ ಹೊಕ್ಕು ಹಾಕಿದರೂ ಬಟ್ಟೆ ನಿಲ್ಲುವುದಿಲ್ಲ.

ಹೀಗೆ ಅಲ್ಲಿಯೇ ಹೇಳಿದೆನೋ, ಹಿಂದಿರುಗುವ ರೈಲಿನಲ್ಲಿ ಹೊಳೆದದ್ದನ್ನು ಆಮೇಲೆ ನನ್ನ ಬಾಯಿಗೆ ಹಾಕಿಕೊಂಡೆನೋ ಎಂದು ಬಹಳ ಸಲ ಅನುಮಾನಪಟ್ಟಿದ್ದೇನೆ. ದಿನಚರಿಯಲ್ಲಿ ಇರುವುದು, ‘ಹೊಕ್ಕು ಅಂದೆ. ನಕ್ಕರು. ಹಾಸು ಕೇಳಿದರು. ನಗಲಿಲ್ಲ.’ ಆ ಕೊನೆಯ ಮಾತನ್ನು ನಂಬಿಕೊಂಡಿದ್ದೇನೆ. ಫಲಿತಾಂಶ ಬಂದಾಗ ತರಗತಿಗೆ ನಾನೇ ಮೊದಲು.

ಆದರೆ ಮೊದಲ ಸ್ಥಾನ ಕೆಲಸವಲ್ಲ. ಮೂರನೆಯ ವರ್ಷವೂ ಕರಗುತ್ತಿತ್ತು. ಅಪ್ಪ ಏನೂ ಹೇಳುತ್ತಿರಲಿಲ್ಲ. ಪ್ರೈಮರಿ ಶಾಲೆಯ ಹೆಡ್ ಮೇಷ್ಟ್ರು ಮನೆಗೆ ಬರುವುದು ಮಾತ್ರ ಹೆಚ್ಚಾಯಿತು. ಮಗ್ಗದ ಕ್ಯಾಟಲಾಗಿನವರಿಗೆ ಕಾಗದ ಬರೆದೆ, ಉತ್ತರವಿಲ್ಲ. ಇಷ್ಟರಲ್ಲಿ ಲಿಡಿಯಾ ಮೇಡಂ ಒಂದು ವರ್ಷಕ್ಕೆ ತಮ್ಮ ದೇಶಕ್ಕೆ ಹೋಗುವವರಿದ್ದರು. ಅವರ ಜಾಗದಲ್ಲಿ ಬೆಳಗಿನ ತರಗತಿ ತೆಗೆದುಕೊಳ್ಳಲು ಒಬ್ಬರು ಬೇಕು. ಮೇಡಂ ನನ್ನ ಹೆಸರು ಹೇಳಿದರು. ಹೆಡ್ ಸಾರ್ ನನ್ನ ಎದುರಿಗೇ, ‘ಹಾಲು ಎನ್ನಲು ಬಾರದವಳು ಭಾಷೆ ಕಲಿಸುತ್ತಾಳೆಯೇ?’ ಎಂದರು. ಆಮೇಲೆ ಸ್ವಲ್ಪ ಯೋಚಿಸಿ, ‘ರೇಷ್ಮೆಯ ತಜ್ಞರೊಬ್ಬರು ಇಟಲಿಯಿಂದ ಬರುತ್ತಿದ್ದಾರೆ. ಇಂಗ್ಲಿಷ್ ಬಾರದಂತೆ. ಹಳ್ಳಿಗಳನ್ನು ನೋಡಬೇಕಂತೆ. ದುಭಾಷಿಯಾಗಿ ಹೋಗಿ ಬಾ. ಅವರು ಮೆಚ್ಚಿದರೆ ನೋಡೋಣ’ ಎಂದರು. ನನ್ನ ಮೂರು ವರ್ಷ ಆ ಒಂದು ದಿನದ ಮೇಲೆ ನಿಂತಿತು.

ಜೀಪಿನಲ್ಲಿ ಮೂವರು. ಮುಂದೆ ರೇಷ್ಮೆ ಇಲಾಖೆಯ ಅಧಿಕಾರಿ, ಹಿಂದೆ ತಜ್ಞರು ಮತ್ತು ನಾನು. ತಜ್ಞರು ಅರವತ್ತು ದಾಟಿದ ದಪ್ಪ ಮನುಷ್ಯ. ನಾವು ಅವರನ್ನು ‘ದೊತ್ತೋರೆ’, ಅಂದರೆ ಡಾಕ್ಟರೇ, ಎನ್ನಬೇಕಿತ್ತು. ಯಲಹಂಕ ದಾಟಿದರೂ ಅವರ ಮಾತು ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಮೂರು ವರ್ಷ ಕಲಿತದ್ದು ಯಾವ ಭಾಷೆ ಹಾಗಾದರೆ? ದೇವನಹಳ್ಳಿ ಹತ್ತಿರ ಬಂದಾಗ ಗುಟ್ಟು ಹೊಳೆಯಿತು. ಅವರು ಒತ್ತಕ್ಷರಗಳನ್ನೆಲ್ಲ ನುಂಗುತ್ತಿದ್ದರು! ಅವರದು ಈಶಾನ್ಯ ಇಟಲಿಯ ಹಳ್ಳಿ, ಅಲ್ಲಿನವರ ಬಾಯಿಯೇ ಹಾಗೆ. ಮೇಡಂ ಹೇಳುವ ‘ಗಾಲ್ಲೊ’ ಎಂಬ ಹುಂಜ ಇವರ ಬಾಯಲ್ಲಿ ‘ಗಾಲೊ’. ಬಿಟ್ಟ ಒತ್ತುಗಳನ್ನು ಮನಸ್ಸಿನಲ್ಲೇ ಹಾಕಿಕೊಂಡು ಕೇಳತೊಡಗಿದೆ. ಎಲ್ಲವೂ ತೆರೆದುಕೊಂಡಿತು. ನಾನು ಅದನ್ನು ಅಳುಕುತ್ತ ಹೇಳಿದಾಗ ಅವರು ಜೋರಾಗಿ ನಕ್ಕು, ವಿಶ್ವವಿದ್ಯಾನಿಲಯಕ್ಕೆ ಸೇರಿದಾಗ ನನ್ನ ಪ್ರೊಫೆಸರರು ನನ್ನನ್ನು ನಮ್ಮ ಊರಿನ ಹೆಸರಿನಿಂದಲೇ ಕರೆದು ಗೇಲಿ ಮಾಡುತ್ತಿದ್ದರು ಎಂದರು. ಪ್ರತಿ ದೇಶದಲ್ಲೂ ಒಂದು ದೊಡ್ಡಬಳ್ಳಾಪುರ ಇದೆ ಎಂದು ನಾನು ತಿಳಿದದ್ದು ಆ ಜೀಪಿನಲ್ಲಿ.

ಆವತಿ ದಾಟಿ ಒಂದು ಹಳ್ಳಿ. ಹುಳು ಸಾಕುವ ಮನೆಯ ಬಾಗಿಲಲ್ಲಿ ಮುನಿಯಮ್ಮ ಎನ್ನುವ ಹೆಂಗಸು ಎರಡೂ ಕೈ ಚೌಕಟ್ಟಿಗೆ ಕೊಟ್ಟು ನಿಂತಿದ್ದಳು.

‘ಒಳಕ್ಕೆ ಯಾರೂ ಬರಂಗಿಲ್ಲ. ಹುಳ ನಾಕ್ನೇ ಜ್ವರದಾಗವೆ.’

ನಾನು ಅನುವಾದಿಸಿದೆ. ಹುಳುಗಳಿಗೆ ಜ್ವರ ಬಂದಿದೆ, ಇದು ನಾಲ್ಕನೆಯ ಸಲ. ಜ್ವರಕ್ಕೆ ಇಟಾಲಿಯನ್ ಪದ ‘ಫೆಬ್ಬ್ರೆ’. ಬಕಾರದ ಒತ್ತನ್ನೂ ಬಿಡದೆ ಸ್ಪಷ್ಟವಾಗಿ ಹೇಳಿದೆ.

ದೊತ್ತೋರೆ ಎರಡು ಹೆಜ್ಜೆ ಹಿಂದೆ ಹಾರಿದರು. ಮುಖ ಕೆಂಪಾಯಿತು. ನಾಲ್ಕು ಸಲ ಕಾಯಿಲೆ ಬಿದ್ದ ಹುಳುಗಳನ್ನು ಇನ್ನೂ ಇಟ್ಟುಕೊಂಡಿದ್ದಾರೆಯೇ, ಸುತ್ತಲಿನ ಹಳ್ಳಿಗೆಲ್ಲ ಹರಡುತ್ತದೆ, ತಟ್ಟೆ ಸಮೇತ ಈಗಲೇ ಸುಡಬೇಕು, ಮನೆಗೆಲ್ಲ ಔಷಧಿ ಹೊಡೆಯಬೇಕು ಎಂದರು. ನಾನು ಅದನ್ನೂ ತಪ್ಪಿಲ್ಲದೆ ಕನ್ನಡಕ್ಕೆ ತಂದೆ.

‘ಸುಡೋದಾ?’ ಮುನಿಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ‘ಬಾ ಅನ್ನು ಅವನ್ನ, ಯಾವನು ಸುಡ್ತಾನೋ ನಾನೂ ನೋಡ್ತೀನಿ! ಹಣ್ಣಾಗಿ ಗೂಡು ಕಟ್ಟಕ್ಕೆ ಇನ್ನೊಂದು ವಾರ ಐತೆ, ಬೆಂಕಿ ಇಡಕ್ಕೆ ಬಂದವ್ನೆ!’

ಇಟಾಲಿಯನ್ ಬಾರದ ಅಧಿಕಾರಿಗೆ ಏನೂ ತಿಳಿಯದೆ, ‘ಏನ್ರೀ ಮೇಡಂ, ಯಾಕ್ರೀ ಸುಡ್ಬೇಕು?’ ಎಂದರು.

‘ಹುಳಕ್ಕೆ ಜ್ವರ ಅಂದ್ರಲ್ಲ ಸಾರ್, ಕಾಯಿಲೆ ಹರಡುತ್ತೆ ಅಂತ...’

ಅಧಿಕಾರಿ ಹಣೆ ಹಿಡಿದುಕೊಂಡರು. ಮುನಿಯಮ್ಮ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು.

‘ಯಾವೂರವ್ವ ನಿಂದು?’

‘ದೊಡ್ಡಬಳ್ಳಾಪುರ.’

‘ನೇಯೋರ ಮನೆಯೋಳಾ?’

‘ಹೂಂ.’

‘ಅದ್ಕೇ! ನಿಮ್ಗೆ ದಾರ ಆದ್ಮೇಲೆ ತಾನೇ ರೇಷ್ಮೆ ಗೊತ್ತಾಗೋದು. ಜ್ವರ ಅಂದ್ರೆ ಕಾಯ್ಲೆ ಅಲ್ಲ ಕಣವ್ವ. ಸೊಪ್ಪು ತಿನ್ನೋದು ಬಿಟ್ಟು, ತಲೆ ಮೇಲಕ್ಕೆತ್ಕೊಂಡು, ಒಂದು ದಿನ ಅಲ್ಲಾಡ್ದಂಗೆ ಮಲಗ್ತವೆ. ಆಮೇಲೆ ಪೊರೆ ಬಿಟ್ಟು ಏಳ್ತವೆ. ಅಂಗೆ ನಾಕ್ ಸಲ. ನಾಕ್ನೇ ಜ್ವರ ಎದ್ದ ಮೇಲೆ ಸೊಪ್ಪು ಹೊತ್ತಾಕಕ್ಕೆ ನಮ್ಮ ಕೈಲಾಗಲ್ಲ, ಅಂಗೆ ತಿಂತವೆ.’

ನಾನು ನಿಂತಲ್ಲೇ ಕುಗ್ಗಿಹೋದೆ. ಕಣ್ಣ ಮುಂದೆ ನಮ್ಮೂರ ಪ್ರೈಮರಿ ಶಾಲೆಯ ಬಾಗಿಲು ಬಂದು ನಿಂತಿತು. ತಪ್ಪು ಮುಚ್ಚಿಟ್ಟು, ಅಧಿಕಾರಿಯ ಹೆಸರಿನಲ್ಲಿ ಏನಾದರೂ ಸಮಜಾಯಿಷಿ ಹೇಳಿ ಜಾರಿಕೊಳ್ಳಬಹುದಿತ್ತು. ದೊತ್ತೋರೆಗೆ ಕನ್ನಡ ತಿಳಿಯದು, ಅಧಿಕಾರಿಗೆ ಇಟಾಲಿಯನ್ ತಿಳಿಯದು. ತಪ್ಪು ಯಾರದೆಂದು ದೊತ್ತೋರೆಗೆ ಹೇಳಬಲ್ಲವಳು ನಾನೊಬ್ಬಳೇ. ಅವರ ಕಡೆ ತಿರುಗಿ, ತಪ್ಪು ನನ್ನದು, ಈ ತಾಯಿಯದಲ್ಲ ಎಂದೆ. ಹುಳುಗಳಿಗೆ ಕಾಯಿಲೆಯಿಲ್ಲ. ತಿನ್ನುವುದು ನಿಲ್ಲಿಸಿ ನಾಲ್ಕನೆಯ ಸಲ ಮಲಗಿವೆ, ಪೊರೆ ಬಿಡುತ್ತವೆ. ಇವರು ಅದಕ್ಕೆ ಜ್ವರ ಎನ್ನುತ್ತಾರೆ.

ದೊತ್ತೋರೆ ಎರಡೂ ಕೈ ಆಕಾಶಕ್ಕೆತ್ತಿ, ‘ದೋರ್ಮೊನೊ ದೆಲಾ ಕ್ವಾರ್ತಾ!’ ಎಂದು ಕೂಗಿದರು. ನಾಲ್ಕನೆಯ ನಿದ್ದೆ! ಅವರ ಹಳ್ಳಿಯಲ್ಲೂ ಹುಳು ಸಾಕುತ್ತಿದ್ದವಳು ಅವರ ತಾಯಿಯಂತೆ. ಆ ನಿದ್ದೆಯ ಹೊತ್ತಿಗೆ ಅವಳೂ ಹೀಗೆಯೇ ಬಾಗಿಲಿಗೆ ಕೈಕೊಟ್ಟು ನಿಂತು ಗಂಡಸರನ್ನು ಹೊರಗಟ್ಟುತ್ತಿದ್ದಳಂತೆ. ಅಲ್ಲಿ ನಿದ್ದೆ, ಇಲ್ಲಿ ಜ್ವರ. ಹುಳು ಅದೇ, ಹೆಂಗಸೂ ಅವಳೇ. ನಾನು ಇದನ್ನು ಮುನಿಯಮ್ಮನಿಗೆ ಹೇಳಿದೆ.

‘ಅಂಗನ್ನು ಮತ್ತೆ!’ ಎಂದಳು ಅವಳು, ಸೆರಗು ಬಿಚ್ಚಿ. ‘ಅವನವ್ವ ಬುದ್ಧಿವಂತೆ. ಜಗಲಿ ಮ್ಯಾಲೆ ಕೂತ್ಕಳಕ್ಕೆ ಹೇಳು, ಮಜ್ಜಿಗೆ ಕೊಡ್ತೀನಿ. ಒಳಕ್ಕೆ ಮಾತ್ರ ಬ್ಯಾಡ.’

ಅವರು ಒಳಗೆ ಹೋಗಲಿಲ್ಲ. ಜಗಲಿಯ ಮೇಲೆ ಕೂತು ಮುನಿಯಮ್ಮನನ್ನು ಒಂದು ಗಂಟೆ ಪ್ರಶ್ನೆ ಕೇಳಿದರು. ನಾನು ನಡುವೆ ಕೂತು ಲಾಳಿಯ ಹಾಗೆ ಆ ಕಡೆಗೂ ಈ ಕಡೆಗೂ ಓಡಾಡಿದೆ. ಒಂದು ಎಳೆಯೂ ಕಡಿಯಲಿಲ್ಲ. ಇಷ್ಟನ್ನು ಜಂಬ ಎಂದುಕೊಂಡರೂ ಸರಿ, ಹೇಳಿಯೇ ತೀರುತ್ತೇನೆ.

ಹೊಸಬರಿಗೆ ಎರಡನೆಯ ಮಾತು ಇಲ್ಲಿದೆ. ನಿಘಂಟಿನಲ್ಲಿ ನನ್ನ ಪದ ಸರಿಯಾಗಿತ್ತು. ಮುನಿಯಮ್ಮನ ಮನೆಯಲ್ಲಿ ತಪ್ಪಾಗಿತ್ತು. ಅಂಥ ಹೊತ್ತಿನಲ್ಲಿ ನಿಘಂಟನ್ನು ಮುಂದೆ ಹಿಡಿದು ಬಚಾವಾಗಬೇಡಿ.

ದೊತ್ತೋರೆ ಊರಿಗೆ ಹೋಗಿ ವಿಭಾಗಕ್ಕೆ ಎರಡು ಪುಟ ಬರೆದರು. ಹೆಡ್ ಸಾರ್‌ಗೆ ಇಟಾಲಿಯನ್ ಬರುತ್ತಿರಲಿಲ್ಲ, ಮೇಡಂ ಅಂದು ಬಂದಿರಲಿಲ್ಲ. ಅದನ್ನು ಅವರಿಗೆ ಓದಿ ಹೇಳುವ ಕೆಲಸ ನನ್ನ ಪಾಲಿಗೇ ಬಂತು! ಜ್ವರದ ಪ್ರಸಂಗ, ನನ್ನ ತಪ್ಪು, ಅದನ್ನು ನಾನೇ ಒಪ್ಪಿಕೊಂಡದ್ದು, ಎಲ್ಲ ಅದರಲ್ಲಿತ್ತು. ಕೊನೆಯಲ್ಲಿ, ಈ ಹುಡುಗಿ ನನ್ನ ಊರಿನ ಮಾತನ್ನು ಕೂಡ ಕೇಳಿಸಿಕೊಂಡಳು ಎಂದಿತ್ತು. ತಪ್ಪಿನ ಭಾಗವನ್ನು ಬಿಡದೆ ಓದಿದೆ, ಹೊಗಳಿದ ಭಾಗ ಬಂದಾಗ ನನ್ನ ದನಿ ಸಣ್ಣದಾಯಿತು. ‘ಗಟ್ಟಿಯಾಗಿ ಓದಿ’ ಎಂದರು ಅವರು. ನನ್ನನ್ನು ಕನ್ನಡದಲ್ಲಿ ಬಹುವಚನದಿಂದ ಮಾತಾಡಿಸಿದ್ದು ಮೊದಲ ದಿನದ ನಂತರ ಅದೇ ಮೊದಲು. ಮುಂದಿನ ತಿಂಗಳು ಬೆಳಗಿನ ತರಗತಿ ನನ್ನದಾಯಿತು. ಅಪ್ಪ ಹಾಕಿದ್ದ ಗಡುವಿಗೆ ಇನ್ನೂ ಏಳು ವಾರ ಇತ್ತು. ಇದನ್ನು ದಿನಚರಿಯಲ್ಲಿ ಕೆಂಪು ಮಸಿಯಲ್ಲಿ ಬರೆದಿದ್ದೇನೆ. ಅನುಮಾನವಿಲ್ಲ.

ಅಧ್ಯಾಪಕರ ಕೋಣೆಯಲ್ಲಿ ಮೊದಲ ದಿನ ಹೆಡ್ ಸಾರ್ ತಾವೇ ಕಾಫಿ ಬಗ್ಗಿಸಿದರು. ‘ಸರೋಜ ಅವರೇ, ಆಲು ಜಾಸ್ತಿ ಹಾಕಲಾ?’

‘ಹಾಕಿ ಸಾರ್. ಆಲೂಗಡ್ಡೆ ಮಾತ್ರ ಬೇಡ.’

ಇಬ್ಬರೂ ನಕ್ಕೆವು. ತರಗತಿಗೆ ಹೋಗಿ, ಮೇಡಂ ಬರೆದ ಹಾಗೆಯೇ ದೊಡ್ಡದಾಗಿ ಆ ಅಕ್ಷರ ಬರೆದು ತುಟಿಯ ಮೇಲೆ ಬೆರಳಿಟ್ಟೆ. ಹಿಂದಿನ ಬೆಂಚಿನಿಂದ ಒಬ್ಬಳು ಮೊದಲ ಸಲಕ್ಕೇ ಸರಿಯಾಗಿ ‘ಓ ಫಾಮೆ’ ಎಂದಳು. ಯಾವ ಊರು ಎಂದು ಕೇಳಿದೆ. ‘ನೆಲಮಂಗಲ ಮೇಡಂ’ ಎಂದಳು, ತಪ್ಪೊಪ್ಪಿಕೊಳ್ಳುವವಳ ಹಾಗೆ. ಗಟ್ಟಿಯಾಗಿ ಹೇಳು ಎಂದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆ ವರ್ಷವೇ ಕಚೇರಿಯ ಹಳೆಯ ಕಡತಗಳನ್ನು ಜೋಡಿಸುವಾಗ ಗುಮಾಸ್ತರು ನನ್ನ ಅರ್ಜಿ ತೆಗೆದುಕೊಟ್ಟರು. ನನ್ನ ಅಕ್ಷರದಲ್ಲಿ ಜರ್ಮನ್ ಎಂದಿದೆ. ಅದರ ಮೇಲೆ ಒಂದೇ ನೇರ ಗೆರೆ ಎಳೆದಿದೆ. ಮೇಲ್ಗಡೆ ಇಟಾಲಿಯನ್ ಎಂದು ಬರೆದಿದೆ. ಆ ಎಡಕ್ಕೆ ವಾಲಿದ ಅಕ್ಷರ ಮಗ್ಗದ ಮೇಲೆ ಸೀರೆಯ ಲೆಕ್ಕ ಗೀಚುವ ನಮ್ಮ ಮಾವನದು. ಗುಮಾಸ್ತ ಯಾವ ತಪ್ಪೂ ಮಾಡಿರಲಿಲ್ಲ.

ಅಮ್ಮನನ್ನು ಕೇಳಿದೆ. ಯುದ್ಧದ ಕಾಲದಲ್ಲಿ ನೂಲು ಸಿಗದೆ ಮಗ್ಗ ನಿಂತಿತ್ತು, ಆಗ ಎರಡು ವರ್ಷ ಅವನು ಎತ್ತಿನ ಗಾಡಿಯಲ್ಲಿ ಜಾಲಹಳ್ಳಿ ಶಿಬಿರಕ್ಕೆ ತರಕಾರಿ ಸಾಗಿಸಿದ ಎಂದಳು. ಅಲ್ಲಿನ ಮಾತು ಮನೆಯಲ್ಲಿ ಆಡಿದ್ದಿಲ್ಲವಂತೆ. ಆಗ ನನಗೆ ರಾಗಿ ರೊಟ್ಟಿ ನೆನಪಾಯಿತು. ಅವನು ಅಂದು ನನ್ನ ಮುಖ ನೋಡಿರಲಿಲ್ಲ. ಮಗ್ಗದ ಗುಂಡಿಯಲ್ಲಿ ಕೂತವನಿಗೆ ನನ್ನ ಬೆನ್ನು ಮಾತ್ರ ಕಾಣುತ್ತಿತ್ತು. ಅವನಿಗೆ ಸಿಕ್ಕಿದ್ದು ‘ಓ ಫಾಮೆ’ ಎಂಬ ಮಾತು ಒಂದೇ, ಶಿಬಿರದಲ್ಲಿ ಎಂದೋ ಕೇಳಿದ್ದ ಮಾತು.

ಮಾವ ಈಗ ಎಂಬತ್ತೈದು ದಾಟಿದ್ದಾನೆ. ಮೊಮ್ಮಕ್ಕಳ ಗದ್ದಲದ ನಡುವೆ ಗಟ್ಟಿಯಾಗಿ ಕೂತಿದ್ದಾನೆ, ಕಿವಿ ಚುರುಕಾಗಿದೆ. ಕಳೆದ ತಿಂಗಳು ಹೋಗಿದ್ದೆ. ಮಧ್ಯಾಹ್ನ ಅವನ ಪಕ್ಕ ಕೂತು, ಬೇಕೆಂದೇ, ಮೆಲ್ಲಗೆ ‘ಓ ಫಾಮೆ’ ಎಂದೆ. ಅವನು ತಿರುಗದೆ ಸೊಸೆಯನ್ನು ಕೂಗಿದ: ‘ಏನವ್ವ, ಸರೋಜಂಗೆ ರೊಟ್ಟಿ ತಗಂಬಾ.’

ಆಗ ಕೇಳಿಯೇಬಿಟ್ಟೆ. ಅವನು ತಟ್ಟೆಯನ್ನು ನನ್ನ ಕಡೆಗೆ ಸರಿಸಿ ‘ತಿನ್ನು’ ಎಂದ, ಅಷ್ಟೇ. ನಾನು ಕೇಳಿದ್ದು ಇದು:

‘ಮಾವ, ಫಾರಂನಾಗೆ ಜರ್ಮನ್ ಹೊಡೆದು ಹಾಕ್ದಾಗ ನಿನ್ನ ಕಣ್ಮುಂದೆ ಇದ್ದಿದ್ದು ನಾನಾ, ಇಲ್ಲ ಆ ಮುಳ್ಳುತಂತಿ ಆಚೆಯಿಂದ ಹಸಿವು ಅಂದೋನಾ?’